ಉಡಿಗುಡ್ಡದ ಹುರುಳಿ

ನಮ್ಮೂರಿನ ಬಡಗಣಕ್ಕೆ, ಗುಡ್ಡವೆನ್ನಲೂ ಸಂಕೋಚವಾಗುವಷ್ಟು ಕಿರಿದಾದ ಒಂದು ದಿಬ್ಬವಿದೆ. ಅದೇ ಉಡಿಗುಡ್ಡ. ನೆತ್ತಿಯ ಮೇಲೊಂದು ಚಪ್ಪಟೆ ಬಂಡೆ. ಅದರ ಸುತ್ತ, ಯಾರೂ ಬಿತ್ತದೆ, ಪ್ರತಿ ಹಿಂಗಾರಿಗೂ ಹುರುಳಿ ಬಳ್ಳಿ ಹಬ್ಬುತ್ತದೆ. ಯಾರದೋ ಹೊಲದಿಂದ ಹಕ್ಕಿ ತಂದು ಉದುರಿಸಿರಬೇಕೆಂದು ಬುದ್ಧಿವಂತರು ಹೇಳಿ ಹೋಗುತ್ತಾರೆ. ಹೇಳಲಿ. ನಾವು ಕೇಳಿದ್ದು ಬೇರೆ.

ಹಿಂದೆ, ಈ ಸೀಮೆಯನ್ನು ಸಾಮಂತರು ಆಳುತ್ತಿದ್ದ ಕಾಲದಲ್ಲಿ, ಗುಡ್ಡದಾಚೆಯ ನೇರಿಲಕೋಟೆಯ ಮಗಳು ಬಾಗಣಬ್ಬೆಯನ್ನು ಈಚೆಯ ಮುತ್ತಲಕೋಟೆಯ ಕಾಟರಸನಿಗೆ ಕೊಟ್ಟರು. ಎರಡು ಮನೆತನಗಳ ಹಗೆ ತೀರಲೆಂದು ಮಾಡಿದ ಮದುವೆ, ಹಗೆಯೇನೋ ತೀರಿತು. ಆದರೆ ಕೆಲವೇ ವರ್ಷಗಳಲ್ಲಿ ಕಾಟರಸ ಮಹಾರಾಜನ ವಿರುದ್ಧ ದಂಗೆ ಎದ್ದ. ಅದನ್ನು ಅಡಗಿಸಲು ಮಹಾರಾಜ ಕಳಿಸಿದ್ದು ಬೇರಾರನ್ನೂ ಅಲ್ಲ, ಬಾಗಣಬ್ಬೆಯ ಅಣ್ಣ ಬೀಚರಸನನ್ನೇ. ಗಂಡ ಉಳಿದರೆ ಅಣ್ಣನಿಲ್ಲ, ಅಣ್ಣ ಉಳಿದರೆ ಗಂಡನಿಲ್ಲ. ದಂಡು ಗುಡ್ಡದ ಬುಡಕ್ಕೆ ಬಂದ ಬೆಳಿಗ್ಗೆ ಅವಳು ಒಬ್ಬಳೇ ಬಂಡೆಯ ಮೇಲೆ ಸೆರಗೊಡ್ಡಿ ನಿಂತಳು ಎನ್ನುತ್ತಾರೆ.

"ತಂಗಿ ಊರಿಗೆ ಬಂದೀಯಣ್ಣ. ಮೊದಲ ಉಡಿ ತುಂಬು, ಆಮ್ಯಾಲ ನಿನ್ನ ಕೆಲಸ ನೋಡ್ಕೋ."

ತಂಗಿಯ ಉಡಿ ತುಂಬಿದವನು ಆ ಮನೆಯ ಮೇಲೆ ಕತ್ತಿ ಎತ್ತುವಂತಿಲ್ಲ. ತುಂಬದೆ ಅವಳನ್ನು ದಾಟಿ ಹೋದವನಿಗೆ ತನ್ನೂರಿನಲ್ಲಿ ಮುಖವಿಲ್ಲ. ಅದು ಅಂದಿನ ಕಟ್ಟಳೆ. ಬೀಚರಸ ಕುದುರೆಯಿಂದ ಇಳಿದ. ದಂಡಿನಲ್ಲಿ ಅಕ್ಕಿಯೆಲ್ಲಿ, ಕೊಬ್ಬರಿಯೆಲ್ಲಿ? ಕೊನೆಗೆ ಕುದುರೆಗಳಿಗೆಂದು ತಂದ ಹುರುಳಿಯನ್ನೇ ಬೊಗಸೆ ತುಂಬಿ ಅವಳ ಉಡಿಗೆ ಸುರಿದ. "ನನ್ನ ಕಡೆ ಇಷ್ಟ ಐತವ್ವ" ಎಂದನಂತೆ. ದಿಬ್ಬಕ್ಕೆ ಉಡಿಗುಡ್ಡವೆಂಬ ಹೆಸರು ಬಂದದ್ದು ಅಂದೇ.

ಸಂಧಿಯಾಯಿತು. ಆದರೆ ಈ ಎರಡು ಮನೆಗಳು ಒಂದಾದರೆ ತನಗೇ ಕುತ್ತೆಂದು ಹೆದರಿದ ಮಹಾರಾಜ, ಬೀಚರಸ ಬದುಕಿರುವವರೆಗೆ ಅಣ್ಣ ತಂಗಿ ಒಬ್ಬರನ್ನೊಬ್ಬರು ಕಾಣಕೂಡದು, ಬಂಡೆಯನ್ನು ಇಬ್ಬರೂ ದಾಟಕೂಡದು, ದಾಟಿದರೆ ಎರಡೂ ಕೋಟೆಗಳಿಗೆ ಬೆಂಕಿಯೆಂದು ಕಟ್ಟಪ್ಪಣೆ ಮಾಡಿದ. ಬಾಗಣಬ್ಬೆ ಆ ಹುರುಳಿಯನ್ನು ಬೇಯಿಸಲಿಲ್ಲ, ಬಂಡೆಯ ಸುತ್ತ ಬಿತ್ತಿದಳು. ಸಂಜೆಯಾದರೆ ಅಲ್ಲಿ ಕುಳಿತು ತವರಿನ ಒಲೆಗಳ ಹೊಗೆ ನೋಡುವಳು. ಹೀಗೇ ತಲೆ ನರೆಯಿತು. ಒಂದು ದಿನ ಬೀಚರಸ ತೀರಿಕೊಂಡ ಸುದ್ದಿ ಬಂತು. ಇನ್ನು ಅಡ್ಡಿಯಿಲ್ಲವೆಂದು ಕಾಟರಸ ತಾನೇ ಮೇನೆ ಸಿದ್ಧ ಮಾಡಿಸಿದ. ಅವಳು ಬಂಡೆಯವರೆಗೆ ಹೋಗಿ, ಮೇನೆ ಇಳಿಸಿ, ಆಚೆ ನೋಡಿದಳು.

"ಹೋಗಿ ಯಾರ ಮುಂದ ಸೆರಗ ಒಡ್ಡಲಿ?" ಎಂದು ಅಲ್ಲಿಂದಲೇ ಹಿಂತಿರುಗಿದಳು.

ಇಂದಿಗೂ ತವರಿಗೆ ಹೊರಟ ಹೆಣ್ಣುಮಕ್ಕಳು ಗುಡ್ಡ ಹತ್ತಿ, ಒಂದು ಹುರುಳಿಕಾಯಿ ಕಿತ್ತು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾರೆ. ಅಣ್ಣತಮ್ಮಂದಿರನ್ನು ಕಳೆದುಕೊಂಡವರೂ ಬರುತ್ತಾರೆ. ಅವರು ಏನನ್ನೂ ಕೀಳುವುದಿಲ್ಲ. ಸ್ವಲ್ಪ ಹೊತ್ತು ಬಂಡೆಯ ಮೇಲೆ ಸೆರಗು ಹಾಸಿ ಕುಳಿತು, ಮನೆಗೆ ಹೋಗುತ್ತಾರೆ.