ಅನ್ಸೆಲ್ಮೊನ ಕೊನೆಯ ಕೋಟು

ಇಟಲಿಯಿಂದ ಹಡಗು ಹತ್ತಿ ಬಂದು ಅಮೆರಿಕದಲ್ಲಿ ಅಂಗಡಿಯಿಟ್ಟಿದ್ದ ದರ್ಜಿ ಅನ್ಸೆಲ್ಮೊ, ಎಪ್ಪತ್ತು ತುಂಬಿದ ದಿನ ಸತ್ತ ಮೇಲೆ ಶವಪೆಟ್ಟಿಗೆಯಲ್ಲಿ ತೊಟ್ಟು ಮಲಗಲು ಬೇಕಾದ ಕೋಟಿಗೆ ತಾನೇ ಬಟ್ಟೆ ಕತ್ತರಿಸಿದ. "ಬೇರೆಯವರು ಹೊಲಿದದ್ದು ಹಾಕಿಕೊಂಡು ಮಲಗಿದರೆ ಜನ ನಗುತ್ತಾರೆ. ಇದು ಮುಗಿಯುವವರೆಗೆ ನಾನು ಹೋಗುವುದಿಲ್ಲ" ಎಂದ. ಈಗ ಅವನಿಗೆ ತೊಂಬತ್ತಾರು. ಕೋಟು ಇನ್ನೂ ಕಚ್ಚಾ ಹೊಲಿಗೆಯಲ್ಲೇ ಇತ್ತು. ಹಾಕಿ ನೋಡಿದಾಗಲೆಲ್ಲ ಎಲ್ಲೋ ಬಿಗಿ, ಇಲ್ಲವೇ ಸಡಿಲ.

ಒಂದು ಬೆಳಿಗ್ಗೆ ಕತ್ತರಿ ಅಳತೆ ಟೇಪನ್ನು ಗದರಿಸಿತು. "ಏನಯ್ಯಾ, ನಿನ್ನೆ ಎದೆಯಳತೆ ನಲವತ್ತು ಅಂದೆ, ಇವತ್ತು ಮೂವತ್ತೆಂಟು ಅಂತೀಯ. ಮುದುಕನ ಕಣ್ಣಿಗೆ ಮಣ್ಣೆರಚುತ್ತೀಯಾ?"

"ಒಮ್ಮೊಮ್ಮೆ ಸ್ವಲ್ಪ ಮುದುಡಿಕೊಳ್ಳುತ್ತೇನೆ, ಅಷ್ಟೇ."

"ನಾಚಿಕೆಯಾಗಬೇಕು! ಹುಟ್ಟಿದಾಗಿನಿಂದ ನಾನು ಒಂದೇ ಒಂದು ಗೆರೆ ತಪ್ಪಿದವನಲ್ಲ."

"ಸರಿಯಾದ ಅಳತೆ ನನಗೂ ಗೊತ್ತು, ಕತ್ತರಿಯಣ್ಣ. ಆದರೆ ಕೋಟು ಸರಿಹೋದ ದಿನ ಇವನು ಅದನ್ನು ಹಾಕಿಕೊಂಡು ಮಲಗಿಬಿಡುತ್ತಾನಲ್ಲ!"

ಕತ್ತರಿ ಮುದುಕನತ್ತ ತಿರುಗಿ ನೋಡಿತು.

ಮಧ್ಯಾಹ್ನ ಮೊಮ್ಮಗಳು ಬಂದಳು. "ಅಜ್ಜಾ, ಆ ಟೇಪು ಸವೆದುಹೋಗಿದೆ" ಎಂದು ಹೊಸದನ್ನು ಕೊಟ್ಟಳು. ಹೊಸ ಟೇಪು ಪಾಪ, ನಿಜವನ್ನೇ ಹೇಳಿತು. ಎದೆ ಸರಿಬಂತು, ಬೆನ್ನೂ ಸರಿಬಂತು. ಬಲತೋಳಿನ ತುದಿ ಅರ್ಧ ಇಂಚು ಕತ್ತರಿಸಿದರೆ ಕೋಟು ಮುಗಿದ ಹಾಗೆ. ಹಳೆಯ ಟೇಪು ಮೊಳೆಗೆ ನೇತಾಡುತ್ತ ಕಣ್ಣು ಮುಚ್ಚಿಕೊಂಡಿತು. ಅನ್ಸೆಲ್ಮೊ ಸೀಮೆಸುಣ್ಣದಿಂದ ಗೆರೆ ಎಳೆದು, ಕತ್ತರಿ ಎತ್ತಿಕೊಂಡ.

ಎಂದೂ ಗೆರೆ ತಪ್ಪದ ಕತ್ತರಿ ಗೆರೆಯಿಂದ ನಾಲ್ಕು ಇಂಚು ಮೇಲೆ, ಕಚಕ್ಕನೆ ಕಚ್ಚಿತು.

"ಛೇ! ಇನ್ನು ಮೊದಲಿಂದ ಶುರುಮಾಡಬೇಕು" ಎಂದು ಗೊಣಗಿದ ಮುದುಕ, ಸಿಳ್ಳೆ ಹಾಕುತ್ತ ಹೊಸ ಬಟ್ಟೆ ಹುಡುಕತೊಡಗಿದ.