ಮುಹೂರ್ತದ ಲ್ಯಾಪ್‌ಟಾಪ್

ರೇಷ್ಮೆ ಸೊಸೈಟಿಯ ಹಳೇ ಲ್ಯಾಪ್‌ಟಾಪ್ ತೆವಳುತ್ತಿತ್ತು. ಆಯುಧಪೂಜೆಯ ದಿನ ಮುಹೂರ್ತ ನೋಡಿ ಆನ್ ಮಾಡಿದ್ದು. ಶುಭಗಳಿಗೆ ಕೆಟ್ಟೀತೆಂದು ಅಧ್ಯಕ್ಷ ಪುಟ್ಟಮಾದಯ್ಯನವರು ಆಮೇಲೆ ಆಫ್ ಮಾಡಲು ಬಿಟ್ಟೇ ಇರಲಿಲ್ಲ.

“ನಾಳೆಯೊಳಗೆ ಇದಕ್ಕೆ ಹೊಸ ಪ್ರೊಸೆಸರ್ ಹಾಕಿಸು. ಇಲ್ಲದಿದ್ರೆ ನಿನ್ನ ಜಾಗಕ್ಕೇ ಹೊಸಬನ್ನ ಹಾಕ್ತೀನಿ,” ಎಂದು ಗುಮಾಸ್ತನನ್ನು ಗದರಿದರು.

“ಆಗ್ಲಿ ಸಾರ್. ಆದ್ರೆ ಹಾಕೋಕೆ ಮುಂಚೆ ಆಫ್ ಮಾಡ್ಲೇಬೇಕು.”

ಅಧ್ಯಕ್ಷರು ಪಂಚಾಂಗ ನೋಡಿ ಒಪ್ಪಿದರು. ಗುಮಾಸ್ತ ಸಂಜೆ ಆಫ್ ಮಾಡಿದ, ಬೆಳಿಗ್ಗೆ ಆನ್ ಮಾಡಿದ. ಲ್ಯಾಪ್‌ಟಾಪ್ ಕುದುರೆಯಂತೆ ಓಡಿತು.

ಅಧ್ಯಕ್ಷರು ಮೀಸೆ ತಿರುವಿದರು. “ನೋಡ್ದಾ, ಹೊಸದು ಹೊಸದೇ. ಹಳೇದನ್ನ ಎಲ್ಲಿ ಬಿಸಾಕ್ದೆ?”

“ಓಡ್ತಿರೋದು ಅದೇ ಸಾರ್. ಒಂದು ರಾತ್ರಿ ನಿದ್ದೆ ಮಾಡೋಕೆ ಬಿಟ್ಟೆ, ಅಷ್ಟೇ. ನನ್ನನ್ನೂ ಹೊತ್ತಿಗೆ ಸರಿಯಾಗಿ ಮನೆಗೆ ಕಳಿಸಿ ನೋಡಿ.”

ಮೀಸೆಯ ಮೇಲಿದ್ದ ಕೈ ಅಲ್ಲೇ ನಿಂತಿತು. ಅವತ್ತು ಐದಾಗುತ್ತಲೇ ಅಧ್ಯಕ್ಷರೇ ಬಂದು, “ಹೊರಡಪ್ಪ,” ಎಂದರು.