ಜೋಡಿ ಸ್ಪೀಕರುಗಳ ಉಸಿರು

ವಾರಿಜಮ್ಮನ ಮನೆಯ ಹಳೆಯ ಸ್ಪೀಕರುಗಳೆರಡೂ ಜೊತೆಯಾಗಿ ಹಾಡಿದರೆ ಮೃದಂಗದ ನಾದ ಮಂಜಿನಂತೆ ಕರಗಿಹೋಗುತ್ತಿತ್ತು.

"ನಾನು ಉಸಿರು ಬಿಟ್ಟಾಗಲೆಲ್ಲ ನೀನು ಒಳಕ್ಕೆಳೆದುಕೊಳ್ಳುತ್ತೀಯೆ," ಎಂದಿತು ಎಡದ್ದು.

"ತಿರುಗಾಮುರುಗಾ ನೀನೇ," ಎಂದಿತು ಬಲದ್ದು.

ವಾರಿಜಮ್ಮ ಒಂದೊಂದನ್ನೇ ನುಡಿಸಿ ನೋಡಿದರು. ಒಂಟಿಯಾಗಿ ಎರಡೂ ತುಂಬುಕಂಠದಲ್ಲೇ ಹಾಡಿದವು.

"ಇಬ್ಬರೂ ಸರಿಯಾಗಿದ್ದೀರಿ. ಜೊತೆಗೂಡಿದಾಗ ಒಬ್ಬರ ಉಸಿರು ಇನ್ನೊಬ್ಬರದ್ದನ್ನು ಅಳಿಸುತ್ತಿದೆ, ಅಷ್ಟೇ. ಯಾರಾದರೂ ಒಬ್ಬರ ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು. ಯಾರದ್ದು ಮಾಡಲಿ?" ಎಂದರು.

"ಅದರದ್ದು!" ಎಂದಿತು ಎಡದ್ದು.

ಬಲದ್ದಕ್ಕೆ ಅಳುಕಾಯಿತು. ಒಪ್ಪಿದರೆ ತಪ್ಪು ತನ್ನದೆಂದಾಗುತ್ತದೆ. ಆದರೆ ಮೃದಂಗ ಕೇಳದೆ ಎಷ್ಟು ಕಾಲವಾಗಿತ್ತು!

"ನನ್ನದನ್ನೇ ಮಾಡಿ, ತಾಯಿ."

ವಾರಿಜಮ್ಮ ಅದರ ಕೆಂಪು ತಂತಿಯನ್ನು ಕಪ್ಪಿನ ಜಾಗಕ್ಕೂ ಕಪ್ಪನ್ನು ಕೆಂಪಿನ ಜಾಗಕ್ಕೂ ಸಿಕ್ಕಿಸಿದರು. ಎರಡೂ ಒಂದೇ ಉಸಿರಿನಲ್ಲಿ ನುಡಿದವು; ದೂರದ ಗುಡುಗಿನಂತೆ ಮೃದಂಗ ತೇಲಿಬಂದು ಕೋಣೆಯನ್ನೆಲ್ಲ ತುಂಬಿತು.

"ನೋಡಿದೆಯಾ, ತಪ್ಪು ನಿನ್ನದೇ!" ಎಂದಿತು ಎಡದ್ದು.

"ಇದ್ದೀತು," ಎಂದಿತು ಬಲದ್ದು, "ಈಗ ಸುಮ್ಮನೆ ಕೇಳು."